ವಾಕ್ಯದ ಮುಂಭಾಗ ಮುಗಿಯುವುದೆಲ್ಲಿ? ಇಂಗ್ಲಿಷಿನ ಅಲ್ಪವಿರಾಮ, ಕನ್ನಡದ ಪ್ರತ್ಯಯ

ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪ್ರೌಢಶಾಲಾ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ ಇದು. ಅಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಅವುಗಳನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ವಿಷಯ ಬೇಗ ತಿಳಿಯುತ್ತದೆ.

ಆತ್ಮೀಯ ಸಭಿಕರೇ,

ವಿದ್ಯಾರ್ಥಿನಿಯೊಬ್ಬಳ ವಾಕ್ಯದಿಂದ ಆರಂಭಿಸುತ್ತೇನೆ. ತೊಗರಿಯ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬರುವ ದಿನಗಳ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಸೇಡಂ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ಆ್ಯಸ್ ದಿ ಲಾರಿ ವಾಸ್ ಲೀವಿಂಗ್ ದಿ ಮಾರ್ಕೆಟ್ ವರ್ಕರ್ಸ್ ಸ್ಯಾಟ್ ಡೌನ್.’ ಕಾಗುಣಿತದಲ್ಲಿ ತಪ್ಪಿರಲಿಲ್ಲ, ಕ್ರಿಯಾಪದಗಳ ಕಾಲವೂ ಸರಿಯಾಗಿತ್ತು. ಆದರೂ ನಾನು ಆ ವಾಕ್ಯವನ್ನು ಎರಡು ಸಲ ಓದಬೇಕಾಯಿತು. ಮೊದಲ ಸಲ ‘ಲೀವಿಂಗ್ ದಿ ಮಾರ್ಕೆಟ್’ ಎಂದು ಒಟ್ಟಿಗೆ ಓದಿದೆ. ಲಾರಿ ಮಾರುಕಟ್ಟೆಯನ್ನು ಬಿಟ್ಟು ಹೊರಟಿತ್ತು, ಯಾರೋ ಕೆಲಸಗಾರರು ಕುಳಿತರು ಎಂಬ ಅರ್ಥ ಬಂತು. ಎರಡನೆಯ ಸಲ ‘ಲೀವಿಂಗ್’ ಎಂಬಲ್ಲಿಯೇ ನಿಂತೆ. ಲಾರಿ ಹೊರಡುತ್ತಿತ್ತು, ಮಾರುಕಟ್ಟೆಯ ಕೆಲಸಗಾರರು, ಅಂದರೆ ಹಮಾಲರು, ಕುಳಿತರು ಎಂಬ ಅರ್ಥ ಬಂತು. ಅವಳನ್ನೇ ಕರೆದು ಕೇಳಿದಾಗ, “ಲಾರಿ ಇನ್ನಾ ಗಂಜಿನ್ಯಾಗೇ ಇತ್ತ್ರಿ ಸರ್, ಹಮಾಲರು ಕುಂತ್ರು” ಎಂದಳು. ಗಂಜು ಎಂದರೆ ಮಾರುಕಟ್ಟೆ. ಅವಳ ಮನಸ್ಸಿನಲ್ಲಿ ಚಿತ್ರ ಸ್ಪಷ್ಟವಾಗಿತ್ತು, ಅವಳ ಕನ್ನಡದಲ್ಲಿಯೂ ಸ್ಪಷ್ಟವಾಗಿತ್ತು. ಇಂಗ್ಲಿಷಿಗೆ ಬರುವಷ್ಟರಲ್ಲಿ ಮಾತ್ರ ಅದು ಎರಡಾಗಿ ಒಡೆದಿತ್ತು. ‘ಲೀವಿಂಗ್’ ಆದ ಮೇಲೆ ಒಂದು ಅಲ್ಪವಿರಾಮ ಇದ್ದಿದ್ದರೆ ಅವಳು ಹೇಳಬಯಸಿದ ಅರ್ಥವೊಂದೇ ಉಳಿಯುತ್ತಿತ್ತು.

ಈ ಹುಡುಗಿ ದಡ್ಡಿಯಲ್ಲ, ಅಜಾಗರೂಕಳೂ ಅಲ್ಲ. ಅವಳು ಅಲ್ಪವಿರಾಮವನ್ನು ಮರೆತದ್ದಕ್ಕೆ ಅವಳ ತಾಯಿನುಡಿಯಲ್ಲಿಯೇ ಕಾರಣವಿದೆ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಕಾರಣವನ್ನು.

‘ಲಾರಿ ಹೊರಡುವಾಗ ಮಾರುಕಟ್ಟೆಯ ಕೆಲಸಗಾರರು ಕುಳಿತರು’ ಎಂಬ ವಾಕ್ಯವನ್ನು ನೋಡಿ. ವಾಕ್ಯದ ಮುಂಭಾಗ ‘ಹೊರಡುವಾಗ’ ಎಂಬಲ್ಲಿ ಮುಗಿಯಿತೆಂದು ಓದುಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಆಗ’ ಎಂಬುದೇ ಅದನ್ನು ಹೇಳುತ್ತದೆ. ಮಳೆ ನಿಂತಾಗ, ಮಳೆ ನಿಂತರೆ, ಮಳೆ ನಿಂತರೂ, ಮಳೆ ನಿಂತ ಮೇಲೆ, ಮಳೆ ನಿಂತಿದ್ದರಿಂದ ಎಂಬ ಎಲ್ಲದರಲ್ಲಿಯೂ ಸಂಬಂಧವನ್ನು ಸೂಚಿಸುವ ಅಂಶ ಉಪವಾಕ್ಯದ ಕೊನೆಯಲ್ಲಿ ಕುಳಿತಿದೆ. ಅದು ಸಂಬಂಧವನ್ನು ತಿಳಿಸುತ್ತದೆ, ಜೊತೆಗೆ ಉಪವಾಕ್ಯದ ಬಾಗಿಲನ್ನೂ ಹಾಕುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ‘ವೆನ್’, ‘ಇಫ್’, ‘ಆಫ್ಟರ್’, ‘ಬಿಕಾಸ್’, ‘ಆಲ್ದೋ’ ಎಂಬ ಪದಗಳು ಉಪವಾಕ್ಯದ ಮೊದಲಲ್ಲಿ ನಿಲ್ಲುತ್ತವೆ. ಬಾಗಿಲು ತೆರೆದದ್ದು ತಿಳಿಯುತ್ತದೆ, ಮುಚ್ಚಿದ್ದು ತಿಳಿಯುವುದಿಲ್ಲ. ಮುಚ್ಚಿತೆಂದು ತೋರಿಸಲು ಇಂಗ್ಲಿಷ್ ಬರಹಕ್ಕೆ ಉಳಿದಿರುವ ಉಪಾಯ ಅಲ್ಪವಿರಾಮ. ಕನ್ನಡದಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಆ ಪುಟ್ಟ ಗೆರೆ ಮಾಡುತ್ತದೆ. ಇಷ್ಟು ಗೊತ್ತಾದರೆ ನಿಯಮಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಳೆಯುತ್ತವೆ ಎಂಬುದು ನನ್ನ ಅನುಭವ.

ನಮ್ಮ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ಕನ್ನಡ ಶಾಸನಗಳಲ್ಲಿ ಅಲ್ಪವಿರಾಮವಿಲ್ಲ. ಪದಗಳ ನಡುವೆ ಇಂದಿನಂತೆ ಜಾಗವನ್ನೂ ಬಿಟ್ಟಿಲ್ಲ. ಆದರೂ ಕ್ರಿಯೆಯ ಮೇಲೆ ಕ್ರಿಯೆ ಬರುವ ಉದ್ದುದ್ದ ವಾಕ್ಯಗಳನ್ನು ವಿದ್ವಾಂಸರು ಬಿಡಿಸಿ ಓದುತ್ತಾರೆ, ಏಕೆಂದರೆ ವಿಭಕ್ತಿ ಮತ್ತು ಕೃದಂತಗಳ ಪ್ರತ್ಯಯಗಳು ಒಂದೊಂದು ಭಾಗವನ್ನೂ ಗುರುತಿಸಿಕೊಡುತ್ತವೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಚಿಹ್ನೆಯಿಲ್ಲದೆ ಬರೆದ ಭಾಷೆಯ ಮಕ್ಕಳು ಅದನ್ನು ಮರೆತರೆ ಆಶ್ಚರ್ಯವೇನು?

ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ಮಿಶ್ರವಾಕ್ಯದಲ್ಲಿ ಉಪವಾಕ್ಯ ಮೊದಲು ಬರುವ ಸಂದರ್ಭ. ‘ವೆನ್ ದಿ ರೇನ್ ಸ್ಟಾಪ್ಡ್, ದಿ ಫಾರ್ಮರ್ಸ್ ವೆಂಟ್ ಟು ದಿ ಫೀಲ್ಡ್ಸ್.’ ಇಲ್ಲಿ ‘ಸ್ಟಾಪ್ಡ್’ ಆದ ಮೇಲೆ ಅಲ್ಪವಿರಾಮ ಹಾಕಬೇಕು. ಉಪವಾಕ್ಯ ಚಿಕ್ಕದಿದ್ದರೂ ಹಾಕುವುದನ್ನೇ ರೂಢಿ ಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಇದೇ ವಾಕ್ಯವನ್ನು ತಿರುಗಿಸಿ, ‘ದಿ ಫಾರ್ಮರ್ಸ್ ವೆಂಟ್ ಟು ದಿ ಫೀಲ್ಡ್ಸ್ ವೆನ್ ದಿ ರೇನ್ ಸ್ಟಾಪ್ಡ್’ ಎಂದು ಬರೆದರೆ ಅಲ್ಪವಿರಾಮ ಬೇಡ, ಏಕೆಂದರೆ ಎರಡು ಭಾಗಗಳ ಗಡಿಯಲ್ಲಿ ‘ವೆನ್’ ಎಂಬ ಪದವೇ ನಿಂತಿದೆ. ‘ವೆನ್’ ಇದ್ದಲ್ಲೆಲ್ಲ ಅಲ್ಪವಿರಾಮ ಎಂದು ಬಾಯಿಪಾಠ ಮಾಡಿದವರು ತಪ್ಪುವುದು ಇಲ್ಲಿಯೇ.

ನಮ್ಮ ಭಾಗದ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಇನ್ನೊಂದು ರೂಪವಿದೆ: ‘ವೆನ್ ದಿ ರೇನ್ ಸ್ಟಾಪ್ಡ್ ದೆನ್ ದಿ ಫಾರ್ಮರ್ಸ್ ವೆಂಟ್.’ ಕಲಬುರಗಿಯಲ್ಲಿ ಕನ್ನಡದ ಜೊತೆಗೆ ಉರ್ದುವನ್ನೂ ದಖನಿಯನ್ನೂ ಕೇಳುತ್ತ ಬೆಳೆಯುವ ನಮಗೆ ಈ ‘ದೆನ್’ ಎಲ್ಲಿಂದ ಬಂತೆಂದು ತಿಳಿಯುವುದು ಕಷ್ಟವಲ್ಲ. ‘ಜಬ್ ಬಾರಿಶ್ ರುಕೀ ತೋ’ ಎನ್ನುವಾಗ ಆ ‘ತೋ’ ಎಂಬುದು ಇನ್ನು ಮುಂದೆ ಪ್ರಧಾನ ವಾಕ್ಯ ಎಂದು ಸಾರುತ್ತದೆ. ‘ಯಾವಾಗ ಮಳೆ ನಿಂತಿತೋ ಆಗ’ ಎಂಬ ಕನ್ನಡದಲ್ಲಿ ‘ಆಗ’ ಅದೇ ಕೆಲಸವನ್ನು ಮಾಡುತ್ತದೆ. ಇಂಥ ಒಂದು ಗಡಿಗಲ್ಲು ಬೇಕೆಂದು ಮಗುವಿನ ಮನಸ್ಸು ಹುಡುಕುತ್ತದೆ, ಸಿಗದಿದ್ದಾಗ ‘ದೆನ್’ ಎಂಬುದನ್ನು ನೆಡುತ್ತದೆ. ಅಂಥ ವಾಕ್ಯ ಬಂದಾಗ ‘ದೆನ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸುಮ್ಮನಾಗಬಾರದು ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಅದನ್ನು ತೆಗೆದ ಜಾಗದಲ್ಲಿಯೇ ಅಲ್ಪವಿರಾಮವನ್ನು ಬರೆದು, ನೀನು ಹುಡುಕುತ್ತಿದ್ದದ್ದು ಇದನ್ನೇ ಎಂದು ಹೇಳಿ. ಮಗು ಅರ್ಧ ದಾರಿ ಬಂದಿದೆ, ಉಳಿದರ್ಧವನ್ನು ತೋರಿಸಿದರೆ ಸಾಕು. ‘ಇಫ್’ ಜೊತೆಗೆ ಬರುವ ‘ದೆನ್’ ಮಾತ್ರ ಇಂಗ್ಲಿಷಿನಲ್ಲಿ ಸರಿಯೇ. ಅಲ್ಲಿಯೂ ‘ದೆನ್’ ಪದಕ್ಕೆ ಮೊದಲು ಅಲ್ಪವಿರಾಮ ಬರುತ್ತದೆ.

‘ಆಲ್ದೋ’ ಪದದ ಕಥೆ ಇದಕ್ಕಿಂತ ಕಷ್ಟದ್ದು. ‘ಆಲ್ದೋ, ಹಿ ವಾಸ್ ಪೂರ್. ಹಿ ಹೆಲ್ಪ್ಡ್ ಅದರ್ಸ್’ ಎಂದು ಬರೆದ ಉತ್ತರಗಳನ್ನು ನಾನು ಎಷ್ಟು ಓದಿದ್ದೇನೆಂದರೆ, ಈಗ ಆ ಪದ ಕಂಡರೆ ಅದರ ಪಕ್ಕದಲ್ಲಿ ಕಣ್ಣು ತಾನಾಗಿಯೇ ಅಲ್ಪವಿರಾಮವನ್ನು ಹುಡುಕುತ್ತದೆ. ನಿಘಂಟಿನಲ್ಲಿ ‘ಆಲ್ದೋ’ ಎಂದರೆ ‘ಆದರೂ’ ಎಂದು ಬರೆದಿರುತ್ತದೆ. ಕನ್ನಡದ ‘ಆದರೂ’ ಸ್ವತಂತ್ರವಾಗಿ ನಿಲ್ಲಬಲ್ಲ ಪದ. ಅದು ಹಿಂದಿನ ವಾಕ್ಯವನ್ನು ನೆನಪಿಸಿ ಮುಂದಿನ ವಾಕ್ಯಕ್ಕೆ ದಾರಿ ಬಿಡುತ್ತದೆ. ಆದರೆ ‘ಆಲ್ದೋ’ ಎಂಬುದಕ್ಕೆ ಸರಿಯಾದ ಸಾಟಿ ‘ಬಡವನಾಗಿದ್ದರೂ’ ಎಂಬಲ್ಲಿಯ ‘ರೂ’ ಮಾತ್ರ. ಅದಕ್ಕೆ ಒಂಟಿಯಾಗಿ ನಿಲ್ಲುವ ಶಕ್ತಿಯಿಲ್ಲ. ‘ಬಡವನಾಗಿದ್ದ’ ಎಂಬುದಕ್ಕೂ ‘ರೂ’ ಎಂಬುದಕ್ಕೂ ನಡುವೆ ಯಾರಾದರೂ ಅಲ್ಪವಿರಾಮ ಹಾಕುತ್ತಾರೆಯೇ? ಹಾಗೆಯೇ ‘ಆಲ್ದೋ’ ಪದವನ್ನು ಅದರ ಉಪವಾಕ್ಯದಿಂದ ಬಿಡಿಸಬಾರದು. ‘ಆಲ್ದೋ ಹಿ ವಾಸ್ ಪೂರ್, ಹಿ ಹೆಲ್ಪ್ಡ್ ಅದರ್ಸ್’ ಎಂಬಲ್ಲಿ ವಿರಾಮ ಉಪವಾಕ್ಯ ಮುಗಿದ ಮೇಲೆ ಬರುತ್ತದೆ. ಕನ್ನಡದ ‘ಆದರೂ’ ಪದಕ್ಕೆ ಸಮನಾದ ಸ್ವತಂತ್ರ ಪದ ‘ಹೌಎವರ್’. ವಾಕ್ಯದ ಆರಂಭದಲ್ಲಿ ಆ ಅರ್ಥದಲ್ಲಿ ಅದು ಬಂದಾಗ ಅದರ ಹಿಂದೆಯೇ ಅಲ್ಪವಿರಾಮ ಬೇಕು. ‘ಹೌಎವರ್, ಹಿ ಟ್ರೈಡ್ ಹಾರ್ಡ್’ ಎಂದರೆ ಆದರೂ ಅವನು ಬಹಳ ಪ್ರಯತ್ನಪಟ್ಟನು ಎಂದರ್ಥ. ‘ಹೌಎವರ್ ಹಾರ್ಡ್ ಹಿ ಟ್ರೈಡ್, ಹಿ ಫೇಲ್ಡ್’ ಎಂದರೆ ಎಷ್ಟೇ ಪ್ರಯತ್ನಪಟ್ಟರೂ ಸೋತನು ಎಂದರ್ಥ. ಅದೇ ಪದ ಎರಡನೆಯ ವಾಕ್ಯದಲ್ಲಿ ಉಪವಾಕ್ಯದ ಒಳಗೆ ಸೇರಿಕೊಂಡಿದೆ, ಆದ್ದರಿಂದ ವಿರಾಮವೂ ಮುಂದೆ ಸರಿದಿದೆ.

ಇನ್ನು ‘ಇಂಗ್’ ಎಂದು ಮುಗಿಯುವ ಪದದಿಂದ ಆರಂಭವಾಗುವ ವಾಕ್ಯಗಳು. ನಮ್ಮ ಕನ್ನಡ ನಮಗೆ ಹೆಚ್ಚು ನೆರವಾಗುವುದು ಇಲ್ಲಿ. ‘ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ಐ ಮೆಟ್ ಮೈ ಟೀಚರ್’ ಎಂಬುದರಲ್ಲಿ ಅಲ್ಪವಿರಾಮ ಬೇಕು. ‘ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್ ಟೇಕ್ಸ್ ಟೆನ್ ಮಿನಿಟ್ಸ್’ ಎಂಬುದರಲ್ಲಿ ಹಾಕಿದರೆ ತಪ್ಪು. ಮೊದಲ ಐದು ಪದಗಳು ಎರಡರಲ್ಲಿಯೂ ಒಂದೇ ಆಗಿರುವಾಗ ವ್ಯತ್ಯಾಸ ಹೇಗೆ ತಿಳಿಯಬೇಕು? ಎರಡನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತನ್ನಿ. ಮೊದಲನೆಯದು ‘ಬಸ್ ಸ್ಟ್ಯಾಂಡಿಗೆ ನಡೆಯುತ್ತಾ’ ಎಂದಾಗುತ್ತದೆ, ಎರಡನೆಯದು ‘ಬಸ್ ಸ್ಟ್ಯಾಂಡಿಗೆ ನಡೆಯುವುದು’ ಎಂದಾಗುತ್ತದೆ. ‘ನಡೆಯುತ್ತಾ’ ಎಂಬುದು ಇನ್ನೊಂದು ಕ್ರಿಯೆಗೆ ಹೊಂದಿಕೊಂಡ ಮಾತು, ಆದ್ದರಿಂದ ಇಂಗ್ಲಿಷಿನಲ್ಲಿ ಅದರ ಹಿಂದೆ ಅಲ್ಪವಿರಾಮ. ‘ನಡೆಯುವುದು’ ಎಂಬುದು ವಾಕ್ಯದ ಕರ್ತೃ. ಕರ್ತೃವನ್ನು ಅದರ ಕ್ರಿಯಾಪದದಿಂದ ಒಂಟಿ ಅಲ್ಪವಿರಾಮದಿಂದ ಬೇರ್ಪಡಿಸಬಾರದು. ‘ಟು’ ಸೇರಿದ ಕ್ರಿಯಾರೂಪಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ‘ಟು ಪಾಸ್ ದಿ ಎಗ್ಸಾಮ್, ಯು ಮಸ್ಟ್ ರೀಡ್ ಡೈಲಿ’ ಎಂದರೆ ‘ಪಾಸಾಗಲು’, ಅಲ್ಪವಿರಾಮ ಬೇಕು. ‘ಟು ಪಾಸ್ ದಿ ಎಗ್ಸಾಮ್ ಇಸ್ ನಾಟ್ ಈಸಿ’ ಎಂದರೆ ‘ಪಾಸಾಗುವುದು’, ಬೇಡ. ‘ಉತ್ತಾ’ ಅಥವಾ ‘ಅಲು’ ಬಂದರೆ ಹಾಕಿ, ‘ಉವುದು’ ಬಂದರೆ ಬಿಡಿ. ಇಂಗ್ಲಿಷ್ ವ್ಯಾಕರಣದ ಪರಿಭಾಷೆಯನ್ನು ಒಂದು ಪದವೂ ಬಳಸದೆ ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಕಲಿಸಬಹುದು. ನಾನು ಕಲಿಸಿದ್ದೇನೆ.

ಆದರೆ ಕನ್ನಡ ನಮ್ಮನ್ನು ದಾರಿ ತಪ್ಪಿಸುವ ಜಾಗವೂ ಇಲ್ಲಿಯೇ ಪಕ್ಕದಲ್ಲಿದೆ. ‘ಮಳೆ ಬಿದ್ದು ರಸ್ತೆ ಕೆಟ್ಟಿತು’ ಎಂದು ನಾವು ಹೇಳುತ್ತೇವೆ. ಬಿದ್ದದ್ದು ಮಳೆ, ಕೆಟ್ಟದ್ದು ರಸ್ತೆ, ಕರ್ತೃ ಬೇರೆ ಬೇರೆಯಾದರೂ ಕಾರಣ ಮತ್ತು ಪರಿಣಾಮ ಸ್ಪಷ್ಟವಾಗಿರುವಾಗ ಕನ್ನಡ ಇದನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಇಂಗ್’ ಪದಪುಂಜಕ್ಕೆ ಇಷ್ಟು ಸಡಿಲವಿಲ್ಲ. ‘ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಬಿಗ್ಯಾನ್’ ಎಂದು ಬರೆದರೆ ಮಳೆಯೇ ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಯಿತೆಂದು ಅರ್ಥವಾಗುತ್ತದೆ. ಅಲ್ಪವಿರಾಮ ಸರಿಯಾದ ಜಾಗದಲ್ಲಿಯೇ ಇದೆ, ಆದರೂ ವಾಕ್ಯ ಉಳಿಯಲಿಲ್ಲ. ‘ಆ್ಯಸ್ ಐ ವಾಸ್ ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಬಿಗ್ಯಾನ್’ ಎಂದು ಉಪವಾಕ್ಯಕ್ಕೆ ಅದರದೇ ಕರ್ತೃವನ್ನು ಕೊಟ್ಟು ತಿದ್ದಬೇಕು.

ಸ್ಥಳ ಮತ್ತು ಕಾಲವನ್ನು ಹೇಳುವ ಚಿಕ್ಕ ಪದಪುಂಜಗಳ ವಿಷಯದಲ್ಲಿ ಮಾತ್ರ ಬರೆಯುವವರ ವಿವೇಚನೆಗೆ ಜಾಗವಿದೆ. 1906ರಿಂದ ಪರಿಷ್ಕರಣೆಗೊಳ್ಳುತ್ತ ಬಂದಿರುವ ಶಿಕಾಗೋ ಶೈಲಿ ಕೈಪಿಡಿಯಂಥ ಅಧಿಕೃತ ಗ್ರಂಥವೂ ಚಿಕ್ಕ ಪದಪುಂಜದ ಹಿಂದೆ ಅಲ್ಪವಿರಾಮವನ್ನು ಕಡ್ಡಾಯ ಮಾಡುವುದಿಲ್ಲ. ‘ಇನ್ 2014 ಗುಲ್ಬರ್ಗಾ ಬಿಕೇಮ್ ಕಲಬುರಗಿ’ ಎಂದು ಬರೆದರೂ ಸರಿ, 2014 ಆದ ಮೇಲೆ ಅಲ್ಪವಿರಾಮ ಹಾಕಿದರೂ ಸರಿ. ನಾಲ್ಕು ಪದಗಳನ್ನು ಮೀರಿದರೆ ಹಾಕಿ ಎಂಬ ಸುಲಭದ ಲೆಕ್ಕವೊಂದು ತರಗತಿಗಳಲ್ಲಿ ಪ್ರಚಲಿತವಾಗಿದೆ. ಹೊಸದಾಗಿ ಕಲಿಯುವವರಿಗೆ ಅದು ಊರುಗೋಲಾಗಬಹುದು, ಆದರೆ ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ‘ಇನ್ ಕಲಬುರಗಿ ಸಮ್ಮರ್ಸ್ ಆರ್ ಹಾರ್ಶ್’ ಎಂಬ ವಾಕ್ಯವನ್ನು ನೋಡಿ. ಮುಂಭಾಗದಲ್ಲಿ ಇರುವುದು ಎರಡೇ ಪದ. ಆದರೂ ಅಲ್ಪವಿರಾಮವಿಲ್ಲದಿದ್ದರೆ ‘ಕಲಬುರಗಿ ಸಮ್ಮರ್ಸ್’ ಎಂದು ಎರಡೂ ಅಂಟಿಕೊಂಡು, ‘ಕಲಬುರಗಿಯ ಬೇಸಿಗೆಗಳಲ್ಲಿ’ ಎಂದು ಓದಿದವನು ಮುಂದೆ ಹೋಗಿ ಎಡವುತ್ತಾನೆ. ಕನ್ನಡದ ‘ಕಲಬುರಗಿಯಲ್ಲಿ’ ಎಂಬುದರ ‘ಅಲ್ಲಿ’ ಊರಿನ ಹೆಸರಿಗೇ ಅಂಟಿಕೊಂಡಿರುವುದರಿಂದ ಇಂಥ ಗೊಂದಲಕ್ಕೆ ಎಡೆಯೇ ಇಲ್ಲ. ಸಂಖ್ಯೆಗಳು ಅಕ್ಕಪಕ್ಕ ಬಂದಾಗಲೂ ಹೀಗೆಯೇ. ನಮ್ಮ ಊರಿನ ಹೆಸರು ಬದಲಾದ 2014ರ ನವೆಂಬರ್ 1ರಂದು ಒಟ್ಟು 12 ನಗರಗಳ ಹೆಸರು ಬದಲಾಯಿತು. ಅದನ್ನು ಇಂಗ್ಲಿಷಿನಲ್ಲಿ ‘ಇನ್ 2014, 12 ಸಿಟೀಸ್ ಗಾಟ್ ನ್ಯೂ ನೇಮ್ಸ್’ ಎಂದು ಬರೆಯುವಾಗ ಅಲ್ಪವಿರಾಮವನ್ನು ಬಿಟ್ಟರೆ ಎರಡು ಸಂಖ್ಯೆಗಳು ಕೂಡಿ ಆರು ಅಂಕಿಗಳ ಒಂದೇ ಸಂಖ್ಯೆಯಂತೆ ಕಾಣುತ್ತವೆ. ಪದಗಳನ್ನು ಎಣಿಸುವುದಕ್ಕಿಂತ, ಇಲ್ಲಿ ಓದುಗ ಎಡವುತ್ತಾನೆಯೇ ಎಂದು ಕೇಳಿಕೊಳ್ಳುವುದು ಹೆಚ್ಚು ನಂಬಬಹುದಾದ ಅಳತೆ.

ಪದಪುಂಜ ಎಷ್ಟೇ ಉದ್ದವಿದ್ದರೂ ಅಲ್ಪವಿರಾಮ ಬಾರದ ಸಂದರ್ಭವೊಂದಿದೆ. ಕೋಟೆಯೊಳಗಿನ ಜಾಮಿ ಮಸೀದಿಯ ಬಗ್ಗೆ ‘ಇನ್‌ಸೈಡ್ ದಿ ಓಲ್ಡ್ ಫೋರ್ಟ್ ಆಫ್ ಕಲಬುರಗಿ ಸ್ಟ್ಯಾಂಡ್ಸ್ ಅ ಮಾಸ್ಕ್ ಬಿಲ್ಟ್ ಇನ್ 1367’ ಎಂದು ಬರೆದರೆ, ಕ್ರಿಯಾಪದ ಕರ್ತೃವಿಗಿಂತ ಮೊದಲೇ ಬಂದು ಆ ಪದಪುಂಜದ ಪಕ್ಕದಲ್ಲಿ ನಿಂತಿದೆ. ‘ಸ್ಟ್ಯಾಂಡ್ಸ್’ ಎಂಬುದೇ ಗಡಿಯನ್ನು ತೋರಿಸುವುದರಿಂದ ಅಲ್ಪವಿರಾಮಕ್ಕೆ ಕೆಲಸವಿಲ್ಲ. ‘ಓನ್ಲಿ ಆಫ್ಟರ್ ದಿ ಎಗ್ಸಾಮ್ ಡಿಡ್ ಶಿ ರೆಸ್ಟ್’ ಎಂಬಂಥ ವಾಕ್ಯಗಳಿಗೂ ಇದೇ ನ್ಯಾಯ. ಕೆ.ಎ.ಎಸ್. ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಗೆ ಓದುತ್ತಿರುವವರು ಇದನ್ನು ಗಮನಿಸಿಕೊಳ್ಳಬೇಕು, ಏಕೆಂದರೆ ಇಂಥ ವಾಕ್ಯಗಳನ್ನು ಪ್ರಬಂಧದಲ್ಲಿ ಸೊಗಸಿಗೆಂದು ಬರೆದು, ನಡುವೆ ಅಲ್ಪವಿರಾಮ ಹಾಕಿ ಕೆಡಿಸುವುದನ್ನು ನಾನು ಅಭ್ಯಾಸ ಪತ್ರಿಕೆಗಳಲ್ಲಿ ಕಂಡಿದ್ದೇನೆ.

ಆ ಪರೀಕ್ಷಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ಪಾಠವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371-ಜೆ ವಿಧಿ ಇಂಗ್ಲಿಷಿನಲ್ಲಿ ‘ದಿ ಪ್ರೆಸಿಡೆಂಟ್ ಮೇ, ಬೈ ಆರ್ಡರ್ ಮೇಡ್ ವಿತ್ ರೆಸ್ಪೆಕ್ಟ್ ಟು ದಿ ಸ್ಟೇಟ್ ಆಫ್ ಕರ್ನಾಟಕ, ಪ್ರೊವೈಡ್’ ಎಂದು ಆರಂಭವಾಗುತ್ತದೆ. ಆದೇಶದ ಮಾತು ವಾಕ್ಯದ ನಡುವೆ ಬಂದಿರುವುದರಿಂದ ಅದರ ಎರಡೂ ಕಡೆ ಅಲ್ಪವಿರಾಮವಿದೆ. ಅದನ್ನೇ ಮೊದಲಿಗೆ ತಂದು ‘ಬೈ ಆರ್ಡರ್ ಮೇಡ್ ವಿತ್ ರೆಸ್ಪೆಕ್ಟ್ ಟು ದಿ ಸ್ಟೇಟ್ ಆಫ್ ಕರ್ನಾಟಕ, ದಿ ಪ್ರೆಸಿಡೆಂಟ್ ಮೇ ಪ್ರೊವೈಡ್’ ಎಂದು ಬರೆದರೆ ಒಂದೇ ಅಲ್ಪವಿರಾಮ ಸಾಕು, ಏಕೆಂದರೆ ಇನ್ನೊಂದು ಕಡೆಯ ಗಡಿ ವಾಕ್ಯದ ಆರಂಭವೇ ಆಗಿದೆ. ನಡುವೆ ಬಂದಾಗ ಎರಡರಲ್ಲಿ ಒಂದನ್ನು ಮರೆಯುವುದು ಕಚೇರಿ ಪತ್ರಗಳಲ್ಲಿ ದಿನನಿತ್ಯ ಕಾಣುವ ದೋಷ.

ಇಷ್ಟೆಲ್ಲ ಹೇಳಿದ ಮೇಲೆ, ಶಾಲೆಯಲ್ಲಿ ನಮಗೆ ಕಲಿಸಿದ ಮಾತೊಂದು ನಿಮ್ಮ ಮನಸ್ಸಿನಲ್ಲಿ ಎದ್ದಿರಬಹುದು: ಓದುವಾಗ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಅಲ್ಪವಿರಾಮ. ಈ ಮಾತು ಸುಳ್ಳೇನಲ್ಲ, ಹಳೆಯದು. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ವಿದ್ವಾಂಸನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫೇನಿಸ್ ಕ್ರಿಸ್ತಪೂರ್ವದಲ್ಲಿಯೇ ಗ್ರೀಕ್ ಬರಹಕ್ಕೆ ಮೂರು ಎತ್ತರಗಳಲ್ಲಿ ಚುಕ್ಕಿ ಇಡುವ ಪದ್ಧತಿಯನ್ನು ತಂದಾಗ ಅದು ಗಟ್ಟಿಯಾಗಿ ಓದುವವರಿಗಾಗಿಯೇ ಇತ್ತು. ಕತ್ತರಿಸಿದ ತುಂಡು ಎಂಬ ಅರ್ಥದ ‘ಕೊಮ್ಮ’ ಎಂಬ ಗ್ರೀಕ್ ಪದದಿಂದಲೇ ‘ಕಾಮಾ’ ಎಂಬ ಹೆಸರು ಬಂದಿದೆ. 15ನೆಯ ಶತಮಾನದ ಕೊನೆಗೆ ವೆನಿಸ್ ನಗರದಲ್ಲಿ ಆಲ್ಡಸ್ ಮನೂಷಿಯಸ್ ಅಚ್ಚು ಹಾಕಿದ ಪುಸ್ತಕಗಳಿಂದ ಇಂದಿನ ಬಾಲವುಳ್ಳ ಆಕಾರ ನೆಲೆಯಾಯಿತು. ಮುದ್ರಿತ ಪುಸ್ತಕವನ್ನು ಜನ ಮೌನವಾಗಿ ಓದತೊಡಗಿದಂತೆ ಈ ಚಿಹ್ನೆ ಉಸಿರಿನಿಂದ ವ್ಯಾಕರಣದ ಕಡೆಗೆ ಸರಿಯಿತು. ಆ ಸ್ಥಿತ್ಯಂತರ ಒಂದೇ ದಿನದಲ್ಲಿ ಆಗಲಿಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ‘ದಿ ರೈಟ್ ಆಫ್ ದಿ ಪೀಪಲ್ ಟು ಕೀಪ್ ಆ್ಯಂಡ್ ಬೇರ್ ಆರ್ಮ್ಸ್, ಶಲ್ ನಾಟ್ ಬಿ ಇನ್‌ಫ್ರಿಂಜ್ಡ್’ ಎಂದಿದೆ. ಉದ್ದದ ಕರ್ತೃ ಮುಗಿದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಕ್ರಿಯಾಪದಕ್ಕೆ ಮೊದಲು, ಅಲ್ಪವಿರಾಮವಿದೆ. ಇಂದಿನ ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ಹಾಕಿದರೆ ತಪ್ಪು. ನಮ್ಮ ಶಾಲೆಗಳ ಉಸಿರಿನ ನಿಯಮ ಆ ಕಾಲದ್ದು. ಅದನ್ನು ಪಾಲಿಸಿದರೆ ಉದ್ದದ ಕರ್ತೃವಿನ ಹಿಂದೆ ಅಲ್ಪವಿರಾಮ ಬಂದುಬಿಡುತ್ತದೆ, ‘ಇನ್ ಕಲಬುರಗಿ’ ಎಂಬಂಥ ಗಿಡ್ಡ ಮಾತಿನ ಹಿಂದೆ ಬಿಟ್ಟುಹೋಗುತ್ತದೆ. ಎರಡೂ ಕಡೆ ಪೆಟ್ಟು.

ಕೊನೆಯಲ್ಲಿ ಸಭಿಕರಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಶಿಕ್ಷಕಿ, “ವಾಕ್ಯದ ಆರಂಭದಲ್ಲಿ ‘ಬಟ್’ ಅಥವಾ ‘ಆ್ಯಂಡ್’ ಬಂದಾಗ ಅದರ ಹಿಂದೆ ಅಲ್ಪವಿರಾಮ ಹಾಕಬೇಕೇನ್ರಿ ಸರ್? ಮಕ್ಕಳು ಎಲ್ಲರೂ ಹಾಕ್ತಾರ” ಎಂದು ಕೇಳಿದರು. ಹಾಕಬಾರದು. ‘ಬಟ್’ ಎಂಬುದು ಎರಡು ಮಾತುಗಳನ್ನು ಕೂಡಿಸುವ ಪದ, ಅದು ವಾಕ್ಯದ ಮುಂಭಾಗವಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ನಡುವೆ ತೂರಿಬಂದರೆ, ಉದಾಹರಣೆಗೆ ‘ಬಟ್, ಆ್ಯಸ್ ಯು ನೋ, ದಿ ಲಾರಿ ವಾಸ್ ಲೇಟ್’ ಎಂಬಲ್ಲಿ, ಅಲ್ಪವಿರಾಮ ಬರುತ್ತದೆ. ಆದರೆ ಅದು ತೂರಿಬಂದ ಮಾತಿನದು, ‘ಬಟ್’ ಪದದ್ದಲ್ಲ. ‘ಯೆಸ್’, ‘ನೋ’ ಎಂಬ ಉತ್ತರಗಳೂ ‘ಸರ್’, ‘ಮೇಡಂ’ ಎಂಬ ಸಂಬೋಧನೆಗಳೂ ಆರಂಭದಲ್ಲಿ ಬಂದಾಗ ಮಾತ್ರ ತಪ್ಪದೆ ಹಾಕಬೇಕು.

ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಯೊಬ್ಬನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ ಪ್ರತ್ಯಯವೇ ಬಾಗಿಲು ಹಾಕುವುದಾದರೆ, ಪತ್ರಿಕೆಗಳಲ್ಲಿ ‘ಆದರೆ’, ‘ಆದ್ದರಿಂದ’ ಎಂಬ ಪದಗಳಾದ ಮೇಲೆ ಅಲ್ಪವಿರಾಮವನ್ನು ಏಕೆ ಅಚ್ಚು ಹಾಕುತ್ತಾರೆ ಎಂದು ಅವನು ಕೇಳಿದ. ಅದು ಬಹುಮಟ್ಟಿಗೆ ಇಂಗ್ಲಿಷನ್ನು ನೋಡಿ ಬಂದ ರೂಢಿ ಎಂದು ನನ್ನ ಅಭಿಪ್ರಾಯ. ‘ಮಳೆ ನಿಂತ ಮೇಲೆ, ರೈತರು ಹೊಲಕ್ಕೆ ಹೋದರು’ ಎಂದು ಬರೆದರೆ ಕನ್ನಡದಲ್ಲಿ ತಪ್ಪೆನ್ನಲಾಗದು, ಅಗತ್ಯವಂತೂ ಇಲ್ಲ. ಅಗತ್ಯ ಬೀಳುವುದು ಪ್ರತ್ಯಯದ ನೆರವು ಸಿಗದ ಕಡೆಗಳಲ್ಲಿ, ಅಂದರೆ ಹೆಸರುಗಳ ಪಟ್ಟಿಯಲ್ಲಿ, ಸಂಬೋಧನೆಯಲ್ಲಿ, ಒಂದು ನಾಮಪದದ ಪಕ್ಕದಲ್ಲಿ ಇನ್ನೊಂದು ನಾಮಪದ ಬಂದು ಅಂಟಿಕೊಳ್ಳುವ ಭಯವಿರುವಲ್ಲಿ. ಅವನು ಕೂಡಲೇ ತನ್ನ ನೋಟುಪುಸ್ತಕದಲ್ಲಿ ಒಂದು ವಾಕ್ಯವನ್ನು ಬರೆದು ನನ್ನ ಕಡೆಗೆ ಹಿಡಿದ: ‘ಇಂದು ಸಂಜೆ ಸಭೆ ಇದೆ.’ ‘ಇಂದು’ ಎಂಬುದರಲ್ಲಿ ಪ್ರತ್ಯಯವಿಲ್ಲವಲ್ಲ ಸರ್, ಇಲ್ಲಿ ಬೇಕೇ ಎಂದ. ಬೇಡ, ಏಕೆಂದರೆ ‘ಇಂದು ಸಂಜೆ’ ಎಂಬುದು ಒಂದೇ ಹೊತ್ತನ್ನು ಹೇಳುತ್ತದೆ. ‘ಇಂದು ಸಂಜೆ ಪತ್ರಿಕೆ ಬಂತು’ ಎಂದು ಬರೆದು ನೋಡು ಎಂದೆ. ಇಂದು ಬಂದದ್ದು ಸಂಜೆ ಪತ್ರಿಕೆಯೋ, ಇಂದು ಸಂಜೆ ಬಂದದ್ದು ಪತ್ರಿಕೆಯೋ ಎಂದು ಅವನೂ ಅವನ ಪಕ್ಕದವರೂ ಚರ್ಚೆಗೆ ಕುಳಿತರು, ಅಲ್ಪವಿರಾಮವನ್ನು ಒಮ್ಮೆ ‘ಇಂದು’ ಆದ ಮೇಲೆ, ಒಮ್ಮೆ ‘ಸಂಜೆ’ ಆದ ಮೇಲೆ ಇಟ್ಟು ಓದತೊಡಗಿದರು.